ಹಗ್ಗದ ಕೊನೆಯವಳು

ಕಾಸರಗೋಡಿನಿಂದ ಬಂದ ತರಬೇತುದಾರರು ಬೋರ್ಡಿನ ಮೇಲೆ
ಒಂದು ಏಣಿ ಬರೆದರು. ತುದಿಯಲ್ಲೊಬ್ಬ ಮನುಷ್ಯ, ಕೈಯಲ್ಲಿ ಬಾವುಟ.
ಕೆಳಗೆ ‘ನಾಯಕತ್ವ’ ಎಂದು ಬರೆದು, ಎರಡು ಗೆರೆ ಎಳೆದು,
ನನ್ನ ಕಡೆ ತಿರುಗಿದರು:
“ನೀವು ನ್ಯಾಶನಲ್ ಆಡಿದವರಂತೆ, ಮೇಡಂ. ಎರಡು ಮಾತು ಹೇಳಿ.”

ನನ್ನ ಆಟದಲ್ಲಿ ಏಣಿ ಇಲ್ಲ.
ಎಂಟು ಜನ, ಒಂದು ಹಗ್ಗ.
ಗೆಲ್ಲುವವರು ಹಿಂದೆ ಹಿಂದೆ ಹೋಗುತ್ತಾರೆ,
ಮುಂದೆ ಬಂದವರು ಸೋತವರು.

ಬಾಯಾರುಪದವಿನ ಮುರಕಲ್ಲು ಮೈದಾನ. ಬೆಳಿಗ್ಗೆ ಐದೂವರೆ.
ಹುಣಸೆ ಕೊಂಬೆಗೆ ರಾಟೆ, ರಾಟೆಗೆ ಹಗ್ಗ,
ಹಗ್ಗದ ಆ ತುದಿಗೆ ಕಲ್ಲು ತುಂಬಿದ ಟಾರಿನ ಡ್ರಮ್ಮು.
ಐತ್ತಪ್ಪ ಮಾಸ್ಟ್ರು ‘ಎಳೆ’ ಎಂದದ್ದು ಕಡಿಮೆ.
‘ಹಿಡಿ’ ಎನ್ನುತ್ತಿದ್ದರು. ಎಂದು, ಬೀಡಿ ಹಚ್ಚುತ್ತಿದ್ದರು.
ಬೀಡಿ ಮುಗಿಯುವವರೆಗೆ ಡ್ರಮ್ಮು ನೆಲ ಮುಟ್ಟಬಾರದು.
ತಿಂಗಳಿಗೊಂದು ಕಲ್ಲು ಹೆಚ್ಚು. ಒಂದೇ.
“ಎರಡು ಹಾಕಿ ಮಾಸ್ಟ್ರೇ” ಎಂದಿದ್ದೆ, ಹತ್ತೊಂಬತ್ತರ ಸೊಕ್ಕು.
“ಎಂತ ಅರ್ಜೆಂಟು? ಕಲ್ಲು ಓಡಿಹೋಗುದಿಲ್ಲ.”

ನಾನು ಹಗ್ಗದ ಕೊನೆಯವಳು.
ಕಂಕುಳಡಿಯಿಂದ ಬೆನ್ನಿಗೆ, ಬೆನ್ನಿಂದ ಹೆಗಲಿಗೆ ಸುತ್ತಿಕೊಂಡವಳು.
ಎದುರಾಳಿಯ ಮುಖ ಕಂಡದ್ದೇ ಇಲ್ಲ,
ಕಂಡದ್ದು ಬರೀ ಏಳು ಬೆನ್ನು.
ಭಾಗೀರಥಿಯದು ಬಾಗಿದರೆ ದಣಿವು,
ಲಿಲ್ಲಿಯದು ಬಿಗಿದರೆ ಭಯ.
ನಫೀಸಾಳ ಕತ್ತು ಎಡಕ್ಕೆ ವಾಲಿತೋ, ಇನ್ನು ಹತ್ತು ಉಸಿರು,
ಅಷ್ಟರಲ್ಲಿ ಅವಳ ಕಾಲು ಜಾರುತ್ತದೆ.
ಅವಳಿಗಿಂತ ಮೊದಲು ನನ್ನ ಹಿಮ್ಮಡಿಗೆ ಗೊತ್ತಾಗುತ್ತಿತ್ತು.

ಇಷ್ಟನ್ನು ಹೇಳಬಹುದು.
ಹೇಳಲಾಗದ್ದು ತೂಕದ ಮಾತು.

ಎಂಟು ಜನ ಸೇರಿ ಐನೂರು ಕಿಲೋ, ಒಂದು ಗ್ರಾಮೂ ಮೇಲಿಲ್ಲ.
ಕೊನೆಯವಳು ಭಾರ ಇರಬೇಕು. ನಾನು ಎಪ್ಪತ್ತಾರು.
ಹಿಂದಿನ ರಾತ್ರಿ ರೈಲಿನಲ್ಲಿ ನಾನು ಮೂರನೇ ಮೊಟ್ಟೆ ಸುಲಿಯುತ್ತಿದ್ದೆ;
ನಫೀಸಾ ಬಾಯಿ ಮುಕ್ಕಳಿಸಿ ನೀರನ್ನು ಕಿಟಕಿಯಾಚೆ ಉಗುಳಿ
“ನನಗೆ ಉಪವಾಸ ಅಭ್ಯಾಸ ಉಂಟು ಮಾರಾಯ್ತಿ, ನೀನು ತಿನ್ನು”
ಎಂದು ಗೋಡೆ ಕಡೆ ಮಲಗಿದಳು.
ಪದಕ ಬೆಳ್ಳಿಯದು. ನನ್ನದೂ ಅವಳದೂ ಒಂದೇ ತೂಕ.

ಹಾಲಿನ ಸೊಸೈಟಿಗೆ ಅಧ್ಯಕ್ಷೆಯಾದ ಮೊದಲ ವರ್ಷ
ನಾನು ಎಳೆದೆ.
ಕೂಲರ್, ಜೀಪು, ಹೊಸ ಕಟ್ಟಡದ ನಕ್ಷೆ, ಎಲ್ಲ ಒಂದೇ ಉಸಿರಿಗೆ.
ತಲೆಯೆತ್ತಿದರೆ ಹಗ್ಗದಲ್ಲಿ ಮೂವರೇ ಇದ್ದರು.
ಉಳಿದ ಹೆಂಗಸರು ಗಡಿಯಾಚೆಯ ಗಾಡಿಗೆ ಹಾಲು ಹಾಕುತ್ತಿದ್ದರು.
ಅಂಥ ಒಂದು ಬೆಳಿಗ್ಗೆ ಮಾಸ್ಟ್ರು ಬಂದರು,
ಎರಡು ಕುಡ್ತೆ ಹಾಲು ಹಿಡಿದುಕೊಂಡು.
ಅಳೆಸಿದರು, ಚೀಟಿ ಮಡಚಿ ಕಿಸೆಗಿಟ್ಟರು,
ಹೊರಡುವಾಗ ಬಾಗಿಲಲ್ಲಿ ನಿಂತು,
“ಹಿಡಿ.”
ಬೀಡಿ ಬಿಟ್ಟಿದ್ದರು ಆಗಲೇ.
ಹಾಗಾಗಿ ಎಷ್ಟು ಹೊತ್ತು ಎಂದು ತಿಳಿಯಲಿಲ್ಲ.

ಹನ್ನೆರಡು ವರ್ಷ ಆಯಿತು.
ಒಂದು ತಿಂಗಳು ಕೊಬ್ಬು ಅಳೆಯುವ ಯಂತ್ರ,
ಇನ್ನೊಂದು ತಿಂಗಳು ಬರೀ ದೇವಕಿಯಕ್ಕನ ಮನೆಗೆ ಹೋಗಿ
ಅವಳ ಬೈಗುಳ ಕೇಳಿ, ಚಾ ಕುಡಿದು ಬಂದದ್ದು.
ಕೆಲವು ತಿಂಗಳು ಕಲ್ಲು ತೆಗೆದದ್ದೂ ಉಂಟು.

ಸಭೆಯಲ್ಲಿ ಈಗ ಮುಖಗಳನ್ನು ಅಷ್ಟಾಗಿ ನಂಬುವುದಿಲ್ಲ,
ಎದ್ದು ಹೋಗುವಾಗ ಬೆನ್ನು ನೋಡುತ್ತೇನೆ.
ರಾತ್ರಿ ಲೆಕ್ಕದ ಪುಸ್ತಕ ಬಿಡಿಸಿದರೆ
ನಾನು ಇಷ್ಟು ಭಾರ ಇರಲಿಕ್ಕೆ
ಯಾರು ಊಟ ಬಿಟ್ಟಿದ್ದಾರೆ ಎಂದು ಹುಡುಕುತ್ತೇನೆ.
ಆ ಕಾಲಂ ಅದರಲ್ಲಿ ಇಲ್ಲ.

ಮಾರ್ಚಿನಲ್ಲಿ ಚುನಾವಣೆ. ಸುನಂದಿನಿ ನಿಲ್ಲಲಿ ಎಂದಿದ್ದೇನೆ.
ನಲವತ್ತೇಳು ಕಿಲೋ ಹುಡುಗಿ;
ಹಗ್ಗ ಸುತ್ತಿದರೆ ಹಗ್ಗವೇ ಹೆಚ್ಚು ಕಾಣುತ್ತದೆ.
“ನನ್ನಿಂದ ಆಗ್ತದಾ ಅಕ್ಕ?”
ಗೊತ್ತಿಲ್ಲ. ನನ್ನಿಂದ ಆಗ್ತದಾ ಎಂದೂ ಗೊತ್ತಿಲ್ಲ:
ಇಷ್ಟು ವರ್ಷ ಬೆನ್ನು ಓದಿದವಳು
ಇನ್ನು ಮೂರನೆಯವಳಾಗಿ ನಿಂತು
ಬೆನ್ನು ಓದಿಸಿಕೊಳ್ಳುವುದು.
ಈಗಲೂ ಹಿಂದಿನ ಬೆಂಚಿನಲ್ಲಿ ಕೂತಿದ್ದಾಳೆ.
ಕತ್ತು ನೆಟ್ಟಗೆ ಮಾಡಿಕೊಂಡೆ.

“ಮೇಡಂ, ಎರಡು ಮಾತು?”

ಎದ್ದೆ. ಮೈಕು ಒಮ್ಮೆ ಕಿರುಚಿ ಸುಮ್ಮನಾಯಿತು.
ಇದ್ದದ್ದು ಒಂದೇ ಮಾತು. ಹೇಳಿ ಕೂತೆ.
ಮುಂದಿನದಕ್ಕೆ ತರಬೇತುದಾರರು
ಪೆನ್ನು ಹಿಡಿದೇ ನಿಂತಿದ್ದರು.